ಕೌದಿಯಲ್ಲಿ ಬಿಟ್ಟ ಗೇಣು ಜಾಗ

ಆಗುವುದಿಲ್ಲ ಎಂದವನು ನಮ್ಮ ದೊಡ್ಡಪ್ಪ. ಊರಲ್ಲಿ ಇನ್ನೂ ಹತ್ತು ಮಂದಿ ಹಾಗೆ ಅಂದುಕೊಂಡಿದ್ದರೇನೋ. ಆದರೆ ಅಂಗಳದ ಬೇವಿನ ಗಿಡದ ಕೆಳಗೆ ನಿಂತು, ಓಣಿಯ ಹೆಂಗಸರೆಲ್ಲ ಕೇಳುವಂತೆ ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅಂದಿನಿಂದ ನಮ್ಮ ಮನೆಗೆ ಹಿರಿಯ ಎಂದರೆ ಅಪ್ಪನ ಅಣ್ಣನಾದ ಈ ದೊಡ್ಡಪ್ಪ. ಅವನು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಕುಂದಗೋಳದಲ್ಲಿ ಪಿಯುಸಿ ಮುಗಿಸಿ, ಹುಬ್ಬಳ್ಳಿಗೆ ಹೋಗಿ ಬಿಎ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದೆ. ಬೇಸಗೆಯಾದ್ದರಿಂದ ಹೊಲದಲ್ಲಿ ಕೆಲಸವಿರಲಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ ಅಂಗಳದಲ್ಲಿ ಹೊಸ ಕೌದಿ ಹಾಸಿಕೊಂಡು ಅದರ ಒಂದು ಅಂಚಿಗೆ ಕುಳಿತಿದ್ದಳು, ಇನ್ನೊಂದು ಅಂಚಿಗೆ ಅವ್ವ. ಓಣಿಯ ಮೂವರು ಹೆಂಗಸರು ಸೂಜಿ ಹಿಡಿದು ಕೈಜೋಡಿಸಿದ್ದರು. ಗುಡಗೇರಿಯಲ್ಲಿ ಯಾರದೋ ಮದುವೆ ಉಂಡು ದೊಡ್ಡಪ್ಪ ಆಗಷ್ಟೇ ಬಂದಿದ್ದ. ತಲೆಯ ಮೇಲೆ ಕುಸುಬಿ ಬಣ್ಣದ ಪಟಗಾ. ದಿನಾಲೂ ಅವನ ತಲೆಗೆ ಮಾಸಿದ ಟೊಪ್ಪಿಗೆ; ಮದುವೆ, ಪಂಚಾಯ್ತಿ ಬಿಟ್ಟರೆ ಆ ಪಟಗಾ ಪೆಟ್ಟಿಗೆಯಿಂದ ಹೊರಗೆ ಬರುತ್ತಿರಲಿಲ್ಲ.

"ಏನ್ ನಡಸ್ಯಾಳ ಇಕಿ, ಮಾರಿ ಊದಿಸ್ಕೊಂಡು?" ಎಂದು ನನ್ನ ಕಡೆ ಗದ್ದ ತೋರಿಸಿ ಕೇಳಿದ.

"ಹುಬ್ಬಳ್ಳಿಗೆ ಹೋಗ್ತಾಳಂತರಿ, ಬಿಎ ಕಲಿಯಾಕ," ಅಂದಳು ಅವ್ವ, ಸೂಜಿಯಿಂದ ಕಣ್ಣು ತೆಗೆಯದೆ.

ದೊಡ್ಡಪ್ಪ ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಮಳೆ ಬರುವುದಿಲ್ಲ ಎಂದು ಆಕಾಶ ನೋಡಿ ಹೇಳುವ ಹಾಗೆ ತಣ್ಣಗೆ ಹೇಳಿದ. "ನಮ್ಮಪ್ಪ ಹೆಬ್ಬಟ್ಟು, ನಾ ಹೆಬ್ಬಟ್ಟು. ನನ್ನ ತಮ್ಮ ಸಾಲಿ ಕಟ್ಟಿ ಹತ್ತಿ ಹಂಗ ಇಳದು ಬಂದಾವ. ಈ ಮನ್ಯಾಗ ಹುಟ್ಟಿದ ಕೂಸು ಬಿಎ ಪಾಸಾಗೂದು ಖರೆ ಇದ್ರ, ಈ ಪಟಗಾ ಹರದು ನಿನ್ನ ಕೌದಿಗೆ ತ್ಯಾಪಿ ಕೊಡ್ತೀನಿ ತಗೋಬೇ ಯವ್ವಾ."

ಹೆಂಗಸರು ಕಿಸಕ್ಕೆಂದರು. ಆಯಿ ಮಾತ್ರ ಸೂಜಿಯನ್ನು ಕುಪ್ಪಸದ ತೋಳಿಗೆ ಚುಚ್ಚಿಕೊಂಡು ತಲೆ ಎತ್ತಿದಳು.

"ಎಲ್ಲಾರೂ ಕೇಳಿದ್ರಿಲ್ಲ?" ಎಂದು ಹೆಂಗಸರನ್ನು ಕೇಳಿದಳು.

"ಕೇಳಿದ್ವಿ ತಗೋಬೇ," ಅಂದರು ಅವರು.

ಆಯಿ ಮೊಣಕಾಲ ಮೇಲೆ ತೆವಳಿ ಕೌದಿಯ ನಟ್ಟನಡುವೆ ಬಂದಳು. ಹೆಬ್ಬೆರಳು, ಕಿರುಬೆರಳು ಅಗಲಿಸಿ ಉದ್ದಕ್ಕೆ ಒಂದು ಗೇಣು, ಅಡ್ಡಕ್ಕೆ ಒಂದು ಗೇಣು ಅಳೆದಳು. ಒಲೆಯ ಇದ್ದಿಲಿನಿಂದ ಚೌಕ ಗೀಚಿದಳು. "ಇಷ್ಟ ಜಾಗಾ ಬಿಡ್ರಿ. ಇಲ್ಲಿ ಯಾರೂ ಸೂಜಿ ಹಾಕಬ್ಯಾಡ್ರಿ," ಅಂದಳು. ದೊಡ್ಡಪ್ಪ ಕೆರವು ಮೆಟ್ಟಿಕೊಂಡು ಹೊರಟುಹೋದ. ನನ್ನ ಕಾಲೇಜಿಗೆ ಅವನು ಹೂಂ ಅನ್ನಲಿಲ್ಲ. ಆದರೆ ಪಂಥ ಕಟ್ಟಿದವನು ಊಹೂಂ ಅನ್ನುವಂತೆಯೂ ಇರಲಿಲ್ಲ. ಆ ಸಂದಿಯಲ್ಲಿ ನುಸುಳಿ ನಾನು ಕಾಲೇಜು ಸೇರಿದೆ.

ನಮ್ಮ ಮನೆಯ ಕೌದಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಕಡೆ ಹಳೆ ಸೀರೆ, ಧೋತರ ಹರಿದು ಕೌದಿ ಹೊಲಿಯದ ಮನೆ ಇಲ್ಲ. ಚಳಿಗೆ ಹೊದೆಯಲು, ಬಾಣಂತಿಗೆ ಹಾಸಲು, ಬಂದವರನ್ನು ಕೂರಿಸಲು ಎಲ್ಲಕ್ಕೂ ಅದೇ. ಆದರೆ ನಮ್ಮ ಮನೆಯಲ್ಲಿ ಒಂದು ಕೌದಿ ಬೇರೆ ಇತ್ತು. ಅದಕ್ಕೆ ಸಿಕ್ಕ ಬಟ್ಟೆ ಹಚ್ಚುವಂತಿರಲಿಲ್ಲ. ಮನೆಯಲ್ಲಿ ಹುಟ್ಟಿದವರದು, ಮನೆಗೆ ಬಂದವರದು, ಮನೆಯಿಂದ ಹೋದವರದು, ಹೀಗೆ ಒಬ್ಬೊಬ್ಬರ ಮೈಮೇಲಿನ ಬಟ್ಟೆಯಿಂದ ಒಂದೊಂದು ತುಂಡು. ತುಂಬಾ ಹಿಂದಿನವರು ಅಂಚಿಗೆ, ಈಚಿನವರು ಒಳಗೆ. ಹೊಲಿಗೆಯೂ ಹಾಗೆಯೇ, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಕೌದಿ ಹಳತಾದರೆ ಬಿಸಾಡುವುದಿಲ್ಲ. ಒಂದೊಂದು ತುಂಡಿನಿಂದಲೂ ಎರಡು ಬೆರಳಿನಷ್ಟು ಕತ್ತರಿಸಿ ಹೊಸ ಕೌದಿಯ ಮೇಲೆ ಹಚ್ಚುತ್ತಾರೆ. ಉಳಿದದ್ದನ್ನು ಹಾಗೇ ಮಡಚಿ ಹೊಸದರ ಹೊಟ್ಟೆಯೊಳಗೆ ಹಾಸಿ ಹೊಲಿಯುತ್ತಾರೆ. ಹೀಗಾಗಿ ಆಯಿಯ ಕೌದಿಯೊಳಗೆ ಅವಳ ಅತ್ತೆಯ ಕೌದಿ, ಅದರೊಳಗೆ ಆ ಅತ್ತೆಯ ಅತ್ತೆಯ ಕೌದಿ. ಎತ್ತಿದರೆ ತೋಳು ಸೋಲುವಷ್ಟು ಭಾರ. ಕೊನೆಗೆ ಬಾಯಿ ಮುಚ್ಚುವಾಗ ಒಂದು ಚೂರು ರೊಟ್ಟಿ ಒಳಗಿಡಬೇಕು, ಕೌದಿಯ ಹೊಟ್ಟೆ ತುಂಬಲಿ ಅಂತ. ಹಸಿದ ಕೌದಿ ಹೊದ್ದವರ ಹೊಟ್ಟೆಯನ್ನೂ ಹಸಿಸುತ್ತದೆ ಎಂಬ ಮಾತಿತ್ತು.

ಊರಿಗೆ ವರ್ಷಕ್ಕೊಮ್ಮೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ದೊಡ್ಡ ಮನೆಗಳ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿ, ಆ ಮನೆತನದ ಏಳು ತಲೆಮಾರಿನ ಹೆಸರು ರಾಗವಾಗಿ ಓದುವವರು. ಕಾಳು ಕಡಿ ಇಸಿದುಕೊಂಡು ಹೋಗುವವರು. ನಮ್ಮ ಓಣಿಗೆ ಅವರ ಎತ್ತು ತಿರುಗುತ್ತಿರಲಿಲ್ಲ. ಒಮ್ಮೆ ನಾನು ಚಿಕ್ಕವಳಿದ್ದಾಗ ಗೌಡರ ಕಟ್ಟೆಯ ಕೆಳಗೆ ನಿಂತು ಪೂರ್ತಿ ಕೇಳಿಸಿಕೊಂಡು ಬಂದು, "ನಮ್ದು ಯಾಕ ಓದಂಗಿಲ್ಲಬೇ ಆಯಿ?" ಎಂದು ಕೇಳಿದೆ.

"ಅವರದು ಪುಸ್ತಕದಾಗ ಐತಿ. ಅದನ್ನ ಓದಾಕ ಹೆಳವ ಬರಬೇಕು," ಅಂದಳು ಆಯಿ. "ನಮ್ದು ಹೊದ್ಕೊಂಡ್ರ ಸಾಕು."

ಆವತ್ತು ಕೌದಿ ಹಾಸಿ, ನನ್ನ ಬೆರಳು ಹಿಡಿದು, ಅಂಚಿನಿಂದ ಶುರು ಮಾಡಿದಳು. ಮೂಲೆಯ ಮಾಸಿದ ಮಾಂಜರಪಾಟ ಬಟ್ಟೆಯ ತುಂಡು ತಂಬೂರು ಎಂಬ ಊರಿನಿಂದ ಸೊಸೆಯಾಗಿ ಬಂದ ಮುತ್ತಜ್ಜನ ತಾಯಿಯದು. ಭತ್ತದ ನಾಡಿನವಳು. ಇಲ್ಲಿ ಬಂದು ಜೋಳದ ರೊಟ್ಟಿ ತಟ್ಟಲು ಕಲಿಯುವ ತನಕ ದಿನಾ ಅತ್ತಳಂತೆ. ಅದರ ಪಕ್ಕದ ಮಿಂಚಿನ ಬಟ್ಟೆ, ಈಗ ಮಿಂಚೆಲ್ಲ ಹೋಗಿ ಬರೀ ದಾರ ಉಳಿದದ್ದು, ಅವಳ ಮೈದುನನದು. ನಾಟಕ ಕಂಪನಿಯ ಹಿಂದೆ ಓಡಿಹೋಗಿ ಹನ್ನೆರಡು ವರ್ಷದ ಮೇಲೆ ರಾಜನ ಅಂಗಿಯಲ್ಲೇ ಮರಳಿ ಬಂದ. ಅದೊಂದೇ ಅಂಗಿ ಇತ್ತು ಅವನ ಹತ್ತಿರ. ಅದನ್ನೇ ಹಾಕಿಕೊಂಡು ಎರೆ ಹೊಲದಲ್ಲಿ ಕುಂಟಿ ಹೊಡೆದನಂತೆ. ಇದನ್ನು ಹೇಳುವಾಗ ಆಯಿ ಪ್ರತಿ ಸಲವೂ ನಗುತ್ತಿದ್ದಳು. ಆಮೇಲೆ ಒಂದು ಬಿಳಿ ಚೂರು, ಉಗುರಿನಷ್ಟು. "ಇದು ಯಾರದು?" ಅಂದರೆ, "ಹೆಸರಿಡೂದರಾಗ ಹೋತು. ಆದರ ಬಂದಿತ್ತಲ್ಲ, ಅದಕ್ಕ ಇರಲಿ," ಅನ್ನುತ್ತಿದ್ದಳು. ಇನ್ನೂ ಒಳಗೆ ಬಂದರೆ ಅವ್ವನ ಮದುವೆಯ ಖಣದ ಕುಪ್ಪಸ. ಅದರ ಬಾಜು ಅಪ್ಪನ ಅಂಗಿ.

ಅಪ್ಪನ ಅಂಗಿಯ ತುಂಡನ್ನು ಆಯಿ ಕಿಸೆ ಸಮೇತ ಹಚ್ಚಿದ್ದಳು. ಹೊಸ ಕೌದಿಗೂ ಅದೊಂದನ್ನು ಮಾತ್ರ ಕತ್ತರಿಸದೆ ಇಡಿಯಾಗಿ ತೆಗೆದು ಹಚ್ಚಿದಳು. ಕಿಸೆಯ ಬಾಯಿ ಹೊಲಿದಿರಲಿಲ್ಲ. ನಿದ್ದೆ ಬರದಿದ್ದರೆ ನಾನು ಅದರೊಳಗೆ ಕೈ ಇಟ್ಟುಕೊಂಡು ಮಲಗುತ್ತಿದ್ದೆ. ಎಷ್ಟು ದೊಡ್ಡವಳಾಗುವ ತನಕ ಎಂದು ಇಲ್ಲಿ ಹೇಳುವುದಿಲ್ಲ.

ಆ ಬೇಸಗೆ ಅಂಗಳದಲ್ಲಿ ಹಾಸಿದ್ದು ಇದೇ ಕೌದಿಯ ಹೊಸ ಅವತಾರ. ಅದರ ಹೊಲಿಗೆ ಚೌಕದ ತನಕ ಬಂದು ನಿಂತಿತು. ನಡುವೆ ಒಂದು ಗೇಣು ಕಿಂಡಿ. ಅದರಲ್ಲಿ ಒಳಗಿನ ಹಳೆ ಕೌದಿ ಇಣುಕುತ್ತಿತ್ತು.

ಕಾಲೇಜಿನ ದಿನಗಳು ಸುಲಭವಿರಲಿಲ್ಲ. ಬೆಳಗಿನ ಪ್ಯಾಸೆಂಜರ್ ಹಿಡಿಯಲು ಗುಡಗೇರಿ ಸ್ಟೇಶನ್ನಿಗೆ ಒಂದು ಹರದಾರಿ ನಡೆಯಬೇಕು. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ರೊಟ್ಟಿಯ ಹಿಟ್ಟಿನಂತೆ ಹತ್ತುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದು, ಸ್ಟೇಶನ್ನಿನ ನಳದಲ್ಲಿ ಕಾಲು ತೊಳೆದು ಗಾಡಿ ಹತ್ತುತ್ತಿದ್ದೆ. ಸೂಟಿಯ ದಿನ ಅವ್ವನ ಜೊತೆ ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆ, ಹತ್ತಿ ಬಂದಾಗ ಹತ್ತಿ ಬಿಡಿಸುತ್ತಿದ್ದೆ. ಓಣಿಯ ಹೆಂಗಸರಿಗೆ ನಾನು "ಬಿಎ ಬಾಯಾರು", ಅಂದರೆ ಬಿಎ ಟೀಚರ್, ಆಗಿದ್ದೆ. "ಬಾಯಾರ, ನಿಮ್ಮ ಸಾಲ್ಯಾಗ ಕಳೆ ಕೀಳೂದು ಕಲಸ್ತಾರೇನ್ರಿ? ಬೇರು ಅಲ್ಲೇ ಉಳೀತ ನೋಡ್ರಿ," ಎಂದು ಕೆಣಕುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ಆದರೆ ಅವರು ಕೌದಿಯ ಕಿಂಡಿಯ ಬಗ್ಗೆ ಕೇಳಿದಾಗ ಮಾತ್ರ ತಲೆ ಬಗ್ಗಿಸಿ ಕಳೆ ಕೀಳುತ್ತಿದ್ದೆ. "ಇನ್ನೂ ಬಾಯಿ ತಕ್ಕೊಂಡ ಕುಂತೈತೇನು?" ಅನ್ನುತ್ತಿದ್ದರು.

ಮೊದಲ ವರ್ಷ ಪಾಸಾದೆ. ಎರಡನೇ ವರ್ಷ ಫೇಲಾದೆ. ಅದೂ ಇತಿಹಾಸದಲ್ಲಿ. ಒಂದೇ ಪೇಪರ್. ರಾಜರ ಹೆಸರು ಇಸವಿಗಳೆಲ್ಲ ಉರು ಹೊಡೆದು ಹೋಗಿದ್ದೆ, ಬರೆಯಲು ಕುಳಿತಾಗ ಕಲಸಿಹೋದವು. ಮಗನನ್ನು ಅಪ್ಪನ ಅಪ್ಪನನ್ನಾಗಿ ಮಾಡಿ ಬರೆದು ಬಂದಿದ್ದೆ.

ಸುದ್ದಿ ಕೇಳಿ ದೊಡ್ಡಪ್ಪ ಮನೆಗೆ ಬಂದ. ಬೈಯಲಿಲ್ಲ. "ಆತಲ್ಲ, ನೋಡೂದು ನೋಡಿದ್ವಿ. ಅಣ್ಣಿಗೇರಿ ಕಡೆ ಒಂದು ಸಂಬಂಧ ಐತಿ. ಹುಡುಗ ಹತ್ತಿ ಗಿರಣ್ಯಾಗ ಅದಾನ. ಬರೂ ಸೋಮವಾರ ನೋಡಾಕ ಬರ್ತಾರ," ಅಂದ. ಅವ್ವ ನನ್ನ ಮುಖ ನೋಡಿದಳು, ದೊಡ್ಡಪ್ಪನ ಮುಖ ನೋಡಿದಳು, ಆಮೇಲೆ "ಹೂನ್ರಿ" ಅಂದಳು. ಅವ್ವನ ಮೇಲೆ ಆಗ ಬಹಳ ಸಿಟ್ಟಿತ್ತು. ಈಗಿಲ್ಲ. ಗಂಡನಿಲ್ಲದ ಮನೆಯಲ್ಲಿ ಹೂಂ ಅನ್ನದೆ ಇರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಅಕ್ಟೋಬರ್ ಪರೀಕ್ಷೆಯ ಅರ್ಜಿ ತುಂಬಲು ಕೊನೆಯ ದಿನ ಎಂದು ನಾನು ಸುಳ್ಳು ಹೇಳಿ ಹುಬ್ಬಳ್ಳಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಕೊನೆಯ ದಿನಕ್ಕೆ ಇನ್ನೂ ಹತ್ತು ದಿನ ಇತ್ತು, ಆದರೆ ಸೋಮವಾರ ಆದಮೇಲೆ ನನ್ನನ್ನು ಯಾರು ಬಿಡುತ್ತಿದ್ದರು. ಸಂಜೆ ಮನೆಗೆ ಬಂದರೆ ಹಗ್ಗದ ಮೇಲೆ ಕೌದಿ ಒಣಹಾಕಿದೆ. ಅದರ ನಡುವೆ ಕಿಂಡಿ ಇಲ್ಲ. ಅಲ್ಲಿ ಹಸಿರು ಸೀರೆಯ ತುಂಡು ಕುಳಿತಿದೆ. ನೋಡಲು ಬರುವವರ ಮುಂದೆ ನಾನು ಉಡಬೇಕೆಂದು ತಂದಿದ್ದ ಸೀರೆಯದು. ಹೊಲಿಗೆ ಅವ್ವನದು, ದೂರದಿಂದಲೇ ಗೊತ್ತಾಗುತ್ತಿತ್ತು.

"ಯಾಕ ಮುಚ್ಚಿದಿಬೇ?" ಅಂದೆ.

"ಮತ್ತೇನ ಮಾಡ್ಲಿ? ಬಾಯಿ ತೆರದ ಕೌದಿ ಮನ್ಯಾಗ ಇಟ್ಕೊಂಡು ಎರಡು ವರ್ಷ ಆತು. ಹಸದ ಕೌದಿ ಅದು. ಅದನ್ನ ಹೊದ್ಕೊಂಡ ಓದಿದಿ, ಅದಕ್ಕ ನಪಾಸಾದಿ. ರೊಟ್ಟಿ ಇಟ್ಟು ಮುಚ್ಚೀನಿ. ಇನ್ನ ಮುಂದರ ನಿನಗ ಚಲೋ ಆಗ್ಲಿ," ಅಂದಳು ಅವ್ವ. ಅವಳ ಕಣ್ಣಲ್ಲಿ ನೀರಿತ್ತು. ನನ್ನ ದಾರಿ ಮುಚ್ಚಬೇಕೆಂದು ಆ ಕಿಂಡಿ ಮುಚ್ಚಿರಲಿಲ್ಲ ಅವಳು. ನಾನು ಫೇಲಾದದ್ದು ಆ ಕಿಂಡಿಯಿಂದ ಎಂದು ಖರೇನೇ ನಂಬಿದ್ದಳು.

ಆಯಿ ಬಂದಳು. ನೋಡಿದಳು. ಕೌದಿಯನ್ನು ಇಳಿಸಲು ನನಗೆ ಸನ್ನೆ ಮಾಡಿದಳು. ನೆಲದ ಮೇಲೆ ಹಾಸಿ, ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ, ಹಲ್ಲಿನಿಂದ ಕಚ್ಚಿ ತೆಗೆಯತೊಡಗಿದಳು. ಹಾಕಿದ ಹೊಲಿಗೆಯನ್ನು ಆಯಿ ಬಿಚ್ಚಿದ್ದು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸೊಟ್ಟ ಬಿದ್ದರೂ ಹಾಗೇ ಬಿಡುವವಳು.

"ಅತ್ತಿ, ಬಿಚ್ಚಬ್ಯಾಡ್ರಿ," ಅಂದಳು ಅವ್ವ.

"ಇದು ನಿನ್ನ ಮಗಳ ಜಾಗಾ ಅಂತ ತಿಳದಿ ಏನು? ಇದು ನಿಮ್ಮ ಮಾವನ ಜಾಗಾ," ಅಂದಳು ಆಯಿ.

ಆಗ ನಿಜ ಸಂಗತಿ ಹೊರಗೆ ಬಂತು. ಕೌದಿಯಲ್ಲಿ ಎಲ್ಲರೂ ಇದ್ದರು, ಆಯಿಯ ಗಂಡ, ನಮ್ಮ ಅಜ್ಜ ಇರಲಿಲ್ಲ. ನಾನು ಅಷ್ಟು ವರ್ಷ ಕೌದಿ ಓದಿದ್ದರೂ ಅದನ್ನು ಗಮನಿಸಿರಲೇ ಇಲ್ಲ. ಅಜ್ಜ ಸತ್ತಾಗ ಅವನ ಬಟ್ಟೆಯೆಲ್ಲ ಅವನ ಜೊತೆಗೇ ಹೋಯಿತು. ಉಳಿದದ್ದು ಕುಸುಬಿ ಬಣ್ಣದ ಪಟಗಾ ಒಂದೇ. ಹಿರಿಯ ಮಗನೆಂದು ಮಂದಿ ಸೇರಿ ಅದನ್ನು ದೊಡ್ಡಪ್ಪನ ತಲೆಗೆ ಕಟ್ಟಿದರು. ಆಯಿ ಅದರಲ್ಲಿ ಒಂದು ತುಂಡು ಕೇಳಿದಳು. ದೊಡ್ಡಪ್ಪ ಕೊಡಲಿಲ್ಲ. ಪಟಗಾ ಹರಿದರೆ ಮನೆತನ ಹರಿದಂತೆ ಅಂದ. ಆಯಿ ಎರಡನೇ ಸಲ ಕೇಳುವವಳಲ್ಲ. ಆ ಬೇಸಗೆ ಅಂಗಳದಲ್ಲಿ ಅವನು ಬೇಕಂತಲೇ ಆ ಮಾತು ಎತ್ತಿ ಪಂಥ ಕಟ್ಟಿದ್ದ. ನಾನು ಬಿಎ ಆಗುವುದು, ಆಯಿಗೆ ಆ ತುಂಡು ಸಿಗುವುದು, ಎರಡೂ ಆಗದ ಮಾತು ಎಂದು ಒಂದಕ್ಕೊಂದು ಗಂಟು ಹಾಕಿದ್ದ.

"ಅವ ಅಲ್ಲಿ ಹೊರಗ ನಿಂತಾನ," ಅಂದಳು ಆಯಿ, ಅಜ್ಜ ಅಂಗಳದಲ್ಲೇ ಇದ್ದಾನೆ ಎಂಬಂತೆ. "ನೀ ಪಾಸಾದ್ರ ಒಳಗ ಬರ್ತಾನ."

ಸೋಮವಾರ ಅಣ್ಣಿಗೇರಿಯವರು ಬಂದರು. ಹುಡುಗನ ಅಪ್ಪ, ಇಬ್ಬರು ಹಿರಿಯರು. ಆಯಿ ಪಡಸಾಲೆಯಲ್ಲಿ ಬೇಕಂತಲೇ ಅದೇ ಕೌದಿ ಹಾಸಿದಳು. ಹುಡುಗನ ಅಪ್ಪ ಬಂದವನೇ ನಟ್ಟನಡುವೆ ಕುಳಿತ.

"ಅಲ್ಲಿ ಬ್ಯಾಡ್ರಿ ಬೀಗರ, ಈ ಬಾಜು ಸರೀರಿ. ಅದು ಬ್ಯಾರೇದವರ ಜಾಗಾ," ಅಂದಳು ಆಯಿ.

ಅವನು ಸುತ್ತ ನೋಡಿದ. "ಯಾರೂ ಇಲ್ಲಲ್ರಿ?"

"ಬರಾವರದಾರ."

ಅವನು ಸರಿದು ಕುಳಿತು, ತನ್ನ ಕೆಳಗಿದ್ದ ಕಿಂಡಿ ನೋಡಿ ಮುಖ ಕಿವುಚಿದ. ಚುರುಮುರಿ, ಚಹಾ ಬಂದವು. ನಾನು ಹಸಿರು ಸೀರೆ ಉಟ್ಟು ನಿಂತೆ. ಅದರ ಸೆರಗಿನ ತುದಿಯಲ್ಲಿ ಒಂದು ತುಂಡು ಇರಲಿಲ್ಲ. ಹುಡುಗಿ ಕಲಿತಿದ್ದಾಳಂತಲ್ಲ ಎಂದು ಒಬ್ಬ ಹಿರಿಯ ಮಾತು ತೆಗೆದ. ಹುಡುಗನ ಅಪ್ಪ ನೇರ ಮನುಷ್ಯ. "ಕಲತದ್ದು ಸಾಕ್ರಿ. ನಮಗ ಹತ್ತಿ ಬಿಡಸಾಕ ಬರೂ ಹುಡುಗಿ ಬೇಕು," ಅಂದ.

"ಅಕಿಗೆ ಎರಡೂ ಬರ್ತಾವು," ಅಂದಳು ಆಯಿ. "ನಿಮಗ ಒಂದ ಬೇಕಂದ್ರ ಬ್ಯಾರೆ ಮನಿ ನೋಡ್ರಿ. ಎರಡೂ ಬೇಕಂದ್ರ ಡಿಗ್ರಿ ಆಗೂತನಕ ತಡೀರಿ."

ಅವರು ತಡೆಯಲಿಲ್ಲ. ಚುರುಮುರಿ ಪೂರ್ತಿ ತಿಂದು ಎದ್ದುಹೋದರು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. "ನನ್ನ ಮಾನ ತಗದಿ ನೀ," ಎಂದು ಆಯಿಯ ಮೇಲೆ ಏರಿ ಬಂದ.

ಆಯಿ ಚಹಾದ ಕಪ್ಪು ಬಸಿ ಎತ್ತುತ್ತ ಕೇಳಿದಳು. "ಒಂದ ಮಾತು ಹೇಳು. ಅಕಿ ಫೇಲ್ ಆಗ್ತಾಳಂತ ಹೆದರಿ ಲಗೂನ ಮದುವಿ ಮಾಡ್ತೀಯೋ, ಪಾಸ್ ಆಗ್ತಾಳಂತ ಹೆದರಿ ಮಾಡ್ತೀಯೋ?"

ದೊಡ್ಡಪ್ಪ ಅಂಗಳ ದಾಟಿ ಹೊರಟುಹೋದ. ಆವತ್ತಿನಿಂದ ನನ್ನ ಮದುವೆಯ ಮಾತು ಅವನ ಬಾಯಲ್ಲಿ ಬರಲಿಲ್ಲ.

ಉಳಿದದ್ದು ಪರೀಕ್ಷೆ. ಅದು ಆಯಿಯ ಜಾಣತನದಿಂದ ಆಗುವಂಥದ್ದಲ್ಲ, ನಾನೇ ಬರೆಯಬೇಕು. ಪುಸ್ತಕ ಹಿಡಿದು ಕುಳಿತರೆ ಮತ್ತೆ ಅದೇ ಕಲಸುಮೇಲೋಗರ. ಒಂದು ದಿನ ಆಯಿ ಶೇಂಗಾ ಸುಲಿಯುತ್ತ ನನ್ನ ಉರು ಹೊಡೆಯುವುದನ್ನು ಕೇಳಿಸಿಕೊಂಡಳು.

"ಪುಸ್ತಕ ಮುಚ್ಚು. ಕೌದಿ ಹೇಳು, ಅಂಚಿನಿಂದ," ಅಂದಳು.

ಹೇಳಿದೆ. ತಂಬೂರಿನವಳಿಂದ ಶುರು ಮಾಡಿ ನನ್ನ ಶಾಲೆಯ ನೀಲಿ ಲಂಗದ ತನಕ, ಕಣ್ಣು ಮುಚ್ಚಿಕೊಂಡು, ಒಂದೂ ತಪ್ಪಲಿಲ್ಲ. ಯಾರ ಹಿಂದೆ ಯಾರು, ಯಾರು ಯಾವ ಊರಿನವರು, ಯಾಕೆ ಬಂದರು, ಯಾಕೆ ಹೋದರು.

"ನಿನ್ನ ಪುಸ್ತಕದಾಗ ಇದಕ್ಕಿಂತ ಹೆಚ್ಚು ಮಂದಿ ಅದಾರೇನು?"

ಇರಲಿಲ್ಲ. ಆವತ್ತು ಒಂದು ದೊಡ್ಡ ಹಾಳೆಯ ಮೇಲೆ ಕೌದಿಯಂತೆ ಚೌಕ ಹಾಕಿದೆ. ಹಿಂದಿನ ರಾಜರನ್ನು ಅಂಚಿಗೆ, ಈಚಿನವರನ್ನು ಒಳಗೆ. ಒಬ್ಬೊಬ್ಬ ರಾಜನಿಗೂ ಒಂದು ಬಟ್ಟೆ ಕೊಟ್ಟೆ, ಒಂದು ಕಥೆ ಕೊಟ್ಟೆ. ತಮ್ಮನ ರಾಜ್ಯ ಕಿತ್ತುಕೊಂಡವನಿಗೆ ಪಟಗಾ ಕೊಟ್ಟೆ, ಅದು ಯಾಕೆಂದು ಯಾರಿಗೂ ಹೇಳಲಿಲ್ಲ. ಹಿಂದಿನ ಸಲ ಬರೀ ಹೆಸರುಗಳಿದ್ದವು, ಅದಕ್ಕೇ ಉದುರಿ ಬಿದ್ದಿದ್ದವು. ಈಗ ಒಂದಕ್ಕೊಂದು ಹೊಲಿಗೆ ಬಿತ್ತು. ಅಕ್ಟೋಬರಿನಲ್ಲಿ ಪೇಪರ್ ಪಾಸಾಯಿತು.

ಕೊನೆಯ ವರ್ಷದ ಒಂದು ದಿನ ಮರೆಯಲಾರೆ. ಇತಿಹಾಸದ ಸರ್ ಆಧಾರಗಳ ಪಾಠ ಮಾಡುತ್ತಿದ್ದರು. ಶಾಸನ, ನಾಣ್ಯ, ತಾಮ್ರಪಟ ಎಲ್ಲ ಆದಮೇಲೆ, "ನಿಮ್ಮ ನಿಮ್ಮ ಮನೆಯಲ್ಲಿ ಇತಿಹಾಸಕ್ಕೆ ಆಧಾರ ಏನಿದೆ?" ಎಂದು ಕೇಳಿದರು. ಒಬ್ಬ ಇನಾಮಿನ ಕಾಗದ ಅಂದ, ಒಬ್ಬ ಮುತ್ತಜ್ಜನ ಖಡ್ಗ ಅಂದ. ನಾನು ಎದ್ದು "ಕೌದಿ ಐತ್ರಿ ಸರ್" ಅಂದೆ. ತರಗತಿ ನಕ್ಕಿತು. ಹಿಂದಿನ ಬೆಂಚಿನಿಂದ ಯಾವನೋ, "ಅದಕ್ಕ ತಿಗಣಿನೂ ಆಧಾರ ಅದಾವೇನು ಕೇಳ್ರಿ ಸರ್," ಅಂದ. ಸರ್ ನಗಲಿಲ್ಲ. "ತಗೊಂಡು ಬಾ," ಅಂದರು.

ಮರುದಿನ ಅವ್ವ ಅದನ್ನು ಹಳೆ ಧೋತರದಲ್ಲಿ ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಸ್ಟೇಶನ್ನಿನ ತನಕ ನನ್ನ ಜೊತೆ ಬಂದಳು. ಕಿಂಡಿ ಮುಚ್ಚಿದವಳು ಅವಳೇ, ಈಗ ಅದನ್ನು ಹೊತ್ತವಳೂ ಅವಳೇ. ಗಾಡಿಯಲ್ಲಿ ಎತ್ತಿ ಕೊಟ್ಟು, "ಮಂದಿ ಮುಂದ ಗಡಬಡಿಸಿ ಹೇಳಬ್ಯಾಡ. ಅಂಚಿನಿಂದ ಸಾವಕಾಶ ಹೇಳು," ಅಂದಳು.

ಸಾವಕಾಶ ಹೇಳಿದೆ. ಬೆಂಚು ಸರಿಸಿ ನೆಲದ ಮೇಲೆ ಹಾಸಿ, ಬೆರಳಿಟ್ಟು ಓದಿದೆ. ನಾಟಕದ ರಾಜ ಕುಂಟಿ ಹೊಡೆದಲ್ಲಿಗೆ ಬಂದಾಗ ಎಲ್ಲರೂ ನಕ್ಕರು. ಆದರೆ ಈ ನಗು ಬೇರೆ. ಬಿಳಿ ಚೂರಿಗೆ ಬಂದಾಗ ಮುಂದಿದ್ದವರು ಬಾಗಿ ನೋಡಿದರು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ತಿಗಣೆಯ ಮಾತಾಡಿದವನೇ ಮುಂದೆ ಬಂದು, "ನಡುವ ಯಾಕ ಖಾಲಿ ಐತ್ರಿ?" ಎಂದು ಕೇಳಿದ.

"ಅದು ಇನ್ನೂ ಆಗೂ ಇತಿಹಾಸ," ಅಂದರು ಸರ್, ನನಗಿಂತ ಮೊದಲೇ.

ಕೊನೆಯ ಪರೀಕ್ಷೆಗಳಿಗೆ ಹೋಗುವಾಗ ಹಾಲ್ ಟಿಕೆಟ್ಟನ್ನು ಹಿಂದಿನ ಸಂಜೆ ಅಪ್ಪನ ಕಿಸೆಯಲ್ಲಿಟ್ಟು, ಬೆಳಿಗ್ಗೆ ತೆಗೆದುಕೊಂಡು ಹೋಗುತ್ತಿದ್ದೆ. ಫಲಿತಾಂಶ ಪೇಪರಿನಲ್ಲಿ ಬಂತು. ಗುಡಗೇರಿ ಸಂತೆಗೆ ಹೋಗಿದ್ದ ಅವ್ವ ಅಂಗಡಿಯವನ ಕೈಯಿಂದ ಪೇಪರ್ ತಂದಳು. ನಂಬರುಗಳ ಸಾಲಿನಲ್ಲಿ ನನ್ನ ನಂಬರು, ಸೆಕೆಂಡ್ ಕ್ಲಾಸಿನ ಕೆಳಗೆ. ಅವ್ವನಿಗೆ ಅಕ್ಷರ ಬರದಿದ್ದರೂ ಅಂಕಿ ಬರುತ್ತಿತ್ತು. ನನಗೆ ಸಿಗುವ ಮೊದಲೇ ಅವಳಿಗೆ ಸಿಕ್ಕಿತು. ಅಲ್ಲೇ ಸಂತೆಯಲ್ಲಿ, ಒಣ ಮೆಣಸಿನಕಾಯಿಯ ಚೀಲದ ಮೇಲೆ ಕುಳಿತು ನಾಲ್ಕು ಸಲ ಬೆರಳಿಟ್ಟು ನೋಡಿದಳಂತೆ.

ಓಣಿಗೆ ಓಣಿಯೇ ಸೇರಿತು. ದೊಡ್ಡಪ್ಪ ಬರಲಿಲ್ಲ. "ಪೇಪರ್‍ನಾಗ ಏನರ ಹಾಕ್ತಾರ. ಸರಕಾರದ ಶಿಕ್ಕಾ ಇದ್ದ ಕಾಗದ ಬರ್ಲಿ," ಎಂದು ಹೇಳಿ ಕಳಿಸಿದ. ಆಯಿ ಅದಕ್ಕೂ ತಯಾರಿದ್ದಳು. ಹದಿನೈದು ದಿನಕ್ಕೊಮ್ಮೆ ಕೇಳುತ್ತಿದ್ದಳು, "ಕಾಗದ ಯಾವಾಗ ಬರ್ತೈತಿ?" ಡಿಗ್ರಿ ಕೊಡುವಾಗ ಕರಿ ಅಂಗಿ ಹಾಕುತ್ತಾರೆ ಎಂದು ಯಾರೋ ಅವಳಿಗೆ ಹೇಳಿದ್ದರು. "ಅದರಾಗ ಒಂದು ತುಂಡು ತರಾಕ ಬರ್ತೈತೇನು, ನಿನ್ನ ಲಂಗದ ಬಾಜು ಹಚ್ಚಾಕ?"

"ಬರೂದಿಲ್ಲಬೇ ಆಯಿ. ಅದು ಬಾಡಗಿ ಅಂಗಿ."

"ಬಾಡಗಿ ಅಂಗ್ಯಾಗ ಶಾಣ್ಯಾರಾಗ್ತಾರೇನು? ಬ್ಯಾಡ ಬಿಡು," ಅಂದಳು.

ಕರಿ ಅಂಗಿ ನಾನು ಹಾಕಲೇ ಇಲ್ಲ. ಪದವಿಯ ಪತ್ರ ಕಾಲೇಜಿನ ಕಚೇರಿಗೆ ಬಂದಾಗ, ಕಿಟಕಿಯ ಮುಂದೆ ಸಾಲು ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಇಸಿದುಕೊಂಡೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸರಕಾರಿ ಕಾಗದ ತೆಗೆದುಕೊಂಡವಳು ನಾನೇ ಮೊದಲು. ಮಧ್ಯಾಹ್ನದ ಗಾಡಿಗೆ ಮರಳಿ ಬಂದೆ. ಮಡಚಬಾರದೆಂದು ಎರಡು ರಟ್ಟಿನ ನಡುವೆ ಇಟ್ಟು, ಗುಡಗೇರಿಯಿಂದ ಊರ ತನಕ ಎದೆಗೆ ಹಿಡಿದುಕೊಂಡು ನಡೆದೆ. ಹೊಲದಲ್ಲಿದ್ದ ಹೆಂಗಸರು ಕಂಡು, "ಬಂತೇನ್ರಿ ಬಾಯಾರ?" ಎಂದು ಕೂಗಿದರು. "ಬಂತ್ರಿ," ಎಂದು ನಾನೂ ಕೂಗಿದೆ. ಅವರು ಕಳೆ ತೆಗೆಯುವ ಕುರುಚಿಗಿ ಅಲ್ಲೇ ಬಿಟ್ಟು ನನ್ನ ಹಿಂದೆ ಬಂದರು.

ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಆಯಿ ಕೌದಿ ಹಾಸಿಯಾಗಿತ್ತು. ಕಣ್ಣು ಮಂಜಾಗಿದ್ದರಿಂದ ಅವ್ವನ ಕೈಯಲ್ಲಿ ಸೂಜಿಗೆ ದಾರ ಪೋಣಿಸಿ ಇಡಿಸಿದ್ದಳು. ಒಂದು ಚೂರು ರೊಟ್ಟಿಯೂ ಇತ್ತು. ಪತ್ರವನ್ನು ಮೊದಲು ಅವಳ ಕೈಗೆ ಕೊಟ್ಟೆ. ಬಟ್ಟೆ ನೋಡುವಂತೆ ಎರಡು ಬೆರಳಿನ ನಡುವೆ ಹಿಡಿದು ತಿಕ್ಕಿ ನೋಡಿದಳು. "ಬಿರಸ ಐತಿ. ತೊಳ್ಯಾಕ ಬರೂದಿಲ್ಲ ಇದು. ಜ್ವಾಕಿ ಮಾಡು," ಎಂದು ತಿರುಗಿ ಕೊಟ್ಟು, "ನನಗಲ್ಲ, ಅವಗ ಕೊಡು," ಅಂದಳು.

ದೊಡ್ಡಪ್ಪ ಬರುತ್ತಿದ್ದ. ಹೊಲದ ಮಣ್ಣಿನ ಧೋತರ, ಮಾಸಿದ ಅಂಗಿ, ಮತ್ತು ತಲೆಯ ಮೇಲೆ ಕುಸುಬಿ ಬಣ್ಣದ ಪಟಗಾ. ಆವತ್ತು ಊರಲ್ಲಿ ಮದುವೆ ಇರಲಿಲ್ಲ, ಪಂಚಾಯ್ತಿಯೂ ಇರಲಿಲ್ಲ. ಓಣಿಯ ಹೆಂಗಸರು ಸರಿದು ದಾರಿ ಬಿಟ್ಟರು. ಯಾರೂ ಕಿಸಕ್ಕೆನ್ನಲಿಲ್ಲ.

ನಾನು ಎರಡೂ ಕೈಯಿಂದ ಪತ್ರ ಕೊಟ್ಟೆ. ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡು ತೆಗೆದುಕೊಂಡ. ಶಿಕ್ಕಾ ನೋಡಿದ. ಬಹಳ ಹೊತ್ತು ನೋಡಿದ.

"ನನ್ನ ತಮ್ಮನ ಹೆಸರು ಎಲ್ಲೈತಿ?" ಎಂದು ಕೇಳಿದ.

ನನ್ನ ಹೆಸರಿನ ಬಾಜುವಿಗೆ ಬೆರಳಿಟ್ಟು ತೋರಿಸಿದೆ. ಅವನು ತನ್ನ ಬೆರಳನ್ನು ಅದರ ಮೇಲಿಟ್ಟ. ಆಮೇಲೆ ಪತ್ರವನ್ನು ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದು, ಬಲಗೈಯಿಂದ ಪಟಗಾ ಬಿಚ್ಚಿದ. ಸುತ್ತು ಸುತ್ತಾಗಿ ಅದು ಅಂಗಳದ ಮೇಲೆ ಉದ್ದಕ್ಕೆ ಇಳಿಯಿತು. ಅವನ ಬೋಳುತಲೆ ಬಿಸಿಲಿಗೆ ಕಂಡದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಬಾಗಿ, ಪಟಗಾದ ತುದಿಯನ್ನು ಕೌದಿಯ ಕಿಂಡಿಯ ಮೇಲಿಟ್ಟು, ಆಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಯವ್ವಾ, ಕತ್ತರಿ ತಾ," ಅಂದ. "ಸಣ್ಣದು ಕೊಯ್ಯಬ್ಯಾಡ. ಗೇಣು ಅಂದ್ರ ಗೇಣು ಕೊಯ್ಯಿ."